ಎಡಗೈಯಲ್ಲಿ ಕಿಡಿ, ಬಲಗೈಯಲ್ಲಿ ಪೆಟ್ರೋಲ್

ಇಪ್ಪತ್ತು ವರ್ಷ ಲಾರಿ ಓಡಿಸಿದ ಡ್ರೈವರನ್ನು ಕರೆದು ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕೂರಿಸಿ. ಕಾರು ಜಾಗ ಬಿಟ್ಟು ಕದಲುವುದೇ ಕಷ್ಟ. ಕಾಲ ಕೆಳಗೆ ಮೂರು ಪೆಡಲ್ ಇವೆ. ಆದರೆ ಅದರಲ್ಲಿ ಒಂದೂ ಆಕ್ಸಿಲರೇಟರ್ ಅಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಪೂರ್ತಿ ಬಿಟ್ಟರೆ ಟಾಪ್ ಗೇರ್, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್. ನಡುವಿನದು ರಿವರ್ಸ್. ನಾವು ವೇಗ ಹೆಚ್ಚಿಸಲು ಒತ್ತುವ ಬಲಗಡೆಯ ಪೆಡಲ್ ಅಲ್ಲಿ ಬ್ರೇಕ್! ಪೆಟ್ರೋಲ್ ಕೊಡಬೇಕಾದರೆ ಸ್ಟೇರಿಂಗ್ ಕೆಳಗೆ ಬಲಕ್ಕೆ ಇರುವ ಸಣ್ಣ ಲಿವರ್ ಎಳೆಯಬೇಕು. ಎಡಕ್ಕೂ ಅಂಥದೇ ಇನ್ನೊಂದು ಲಿವರ್ ಇದೆ. ಅದು ಏನು ಮಾಡುತ್ತದೆ ಎಂದು ಇವತ್ತಿನ ಡ್ರೈವರುಗಳಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಆ ಕೆಲಸವನ್ನು ಈಗ ಕಾರಿನೊಳಗಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಹಳೇ ಕಾರುಗಳನ್ನು ಮ್ಯೂಸಿಯಂನಲ್ಲಿ ನೋಡುವುದು ಒಳ್ಳೆಯದೇ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂನಲ್ಲಿ ಅವನ್ನು ಚೆನ್ನಾಗಿ ಕಾಪಾಡಿದ್ದಾರೆ. ಆದರೆ ನಿಂತ ಕಾರಿನಲ್ಲಿ ಕಾಣುವುದು ಬಣ್ಣ, ಹಿತ್ತಾಳೆ, ಮರದ ಚಕ್ರ, ಅಷ್ಟೇ. ಆ ಕಾಲದಲ್ಲಿ ಡ್ರೈವರ್ ಕೂಡ ಇಂಜಿನ್ನಿನ ಒಂದು ಭಾಗವೇ ಆಗಿದ್ದ. ಅದು ಕಾಣುವುದು ಕಾರು ಸ್ಟಾರ್ಟ್ ಆಗಿ ರಸ್ತೆಗೆ ಇಳಿದಾಗ ಮಾತ್ರ. ಅದಕ್ಕೇ ವಿಂಟೇಜ್ ಕಾರುಗಳನ್ನು ಹೊರಗೆ ತಂದು ಓಡಿಸುವವರ ಮೇಲೆ ನನಗೆ ಅಷ್ಟು ಗೌರವ.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಇಂಥ ಕಾರನ್ನು ಸ್ಟಾರ್ಟ್ ಮಾಡುವುದನ್ನು ಹತ್ತಿರದಿಂದ ನೋಡಿದೆ. ಯಜಮಾನರು ಮೊದಲು ಎಡಗಡೆಯ ಲಿವರನ್ನು ಪೂರ್ತಿ ಮೇಲೆ ತಳ್ಳಿದರು. ಬಲಗಡೆಯದನ್ನು ಸ್ವಲ್ಪ ಕೆಳಗೆ ಎಳೆದರು. ಮುಂದೆ ಬಂದು, ರೇಡಿಯೇಟರ್ ಪಕ್ಕ ಇರುವ ತಂತಿಯ ಉಂಗುರ ಎಳೆದು ಚೋಕ್ ಕೊಟ್ಟು, ಹ್ಯಾಂಡಲನ್ನು ಎರಡು ಸಲ ನಿಧಾನಕ್ಕೆ ತಿರುಗಿಸಿದರು. ಆಮೇಲೆ ಸ್ವಿಚ್ ಹಾಕಿದರು. ಡ್ಯಾಶ್‌ಬೋರ್ಡಿನ ಮರದ ಪೆಟ್ಟಿಗೆಯಿಂದ ಜುಂಯ್ ಎಂದು ಸದ್ದು ಬಂತು. ಅದರೊಳಗೆ ನಾಲ್ಕು ಕಾಯಿಲ್ ಇರುತ್ತವೆ, ನಾಲ್ಕು ಸಿಲಿಂಡರಿಗೆ ಒಂದೊಂದು. ಪ್ರತಿ ಕಾಯಿಲ್ ಮೇಲೂ ಒಂದು ಉಕ್ಕಿನ ಪಟ್ಟಿ ಪಟಪಟ ಅದುರುತ್ತಾ ಕಿಡಿಯ ಮೇಲೆ ಕಿಡಿ ಹಾರಿಸುತ್ತದೆ.

ನೋಡುತ್ತಿದ್ದ ಹುಡುಗನೊಬ್ಬ, "ಅಣ್ಣಾ, ನಾನ್ ಹೊಡೀಲಾ ಹ್ಯಾಂಡ್ಲು?" ಎಂದ. ಯಜಮಾನರು ಅವನ ಕೈ ಹಿಡಿದು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೆ ತಂದಿಟ್ಟರು. "ಹೆಬ್ಬಟ್ಟು ಸುತ್ತಿ ಹಿಡಿಬ್ಯಾಡ ತಮ್ಮಾ. ವಾಪಸ್ ಹೊಡೀತು ಅಂದ್ರೆ ಮುರಿತೈತಿ. ಕೆಳಗಿಂದ ಮ್ಯಾಲಕ್ಕೆ ಎಳಿ, ಮ್ಯಾಲಿಂದ ಒತ್ತಬ್ಯಾಡ."

ಯಾಕೆ ವಾಪಸ್ ಹೊಡೆಯುತ್ತದೆ? ಕಾರಣ ಆ ಎಡಗಡೆಯ ಲಿವರಿನಲ್ಲಿದೆ. ಕಿಡಿ ಯಾವಾಗ ಹಾರಬೇಕು ಎಂದು ಗೊತ್ತುಮಾಡುವುದು ಅದೇ: ಮೇಲಿದ್ದರೆ ತಡವಾಗಿ, ಕೆಳಗೆ ಇಳಿಸಿದಷ್ಟೂ ಬೇಗ. ಸಿಲಿಂಡರಿನೊಳಗೆ ಕಿಡಿ ಹಾರಿದ ತಕ್ಷಣ ಪೆಟ್ರೋಲ್ ಪೂರ್ತಿ ಉರಿದುಬಿಡುವುದಿಲ್ಲ. ಬೆಂಕಿ ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹಬ್ಬಬೇಕು. ಅದಕ್ಕೆ ಒಂದಿಷ್ಟು ಸಮಯ ಬೇಕು. ಲೆಕ್ಕಕ್ಕೆ 3 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 40 ಮಿಲಿಸೆಕೆಂಡ್. ಹಾಗಾದರೆ ಬೆಂಕಿ ಹಬ್ಬುವಷ್ಟರಲ್ಲಿ ಇಂಜಿನ್ 27 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಪಿಸ್ಟನ್ ತುದಿಗೆ ಬಂದ ಮೇಲೆ ಕಿಡಿ ಕೊಟ್ಟರೆ ತಡವಾಯಿತು. ಅದು ಆಗಲೇ ಕೆಳಗೆ ಓಡುತ್ತಿರುತ್ತದೆ, ಅದರ ಬೆನ್ನಿಗೆ ಬೆಂಕಿಯ ಒತ್ತಡ ಸರಿಯಾಗಿ ಬೀಳುವುದಿಲ್ಲ. ಅದಕ್ಕೇ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಕಿಡಿ ಕೊಡಬೇಕು.

ಈಗ ಕೈಯಲ್ಲಿ ಹ್ಯಾಂಡಲ್ ಹೊಡೆಯುವಾಗಿನ ಲೆಕ್ಕ ನೋಡಿ. ಎಷ್ಟೇ ಜೋರಾಗಿ ಎಳೆದರೂ ನಿಮಿಷಕ್ಕೆ 100 ಸುತ್ತಿನ ವೇಗ ಬಂದರೆ ದೊಡ್ಡದು. ಆ ವೇಗದಲ್ಲಿ 3 ಮಿಲಿಸೆಕೆಂಡಿಗೆ ಇಂಜಿನ್ ತಿರುಗುವುದು 2 ಡಿಗ್ರಿಗಿಂತ ಕಡಿಮೆ. ಲಿವರ್ ಕೆಳಗೇ ಇದ್ದು ಕಿಡಿ 20 ಡಿಗ್ರಿ ಮೊದಲೇ ಹಾರಿದರೆ, ಪಿಸ್ಟನ್ ತುದಿ ಮುಟ್ಟುವ ಮೊದಲೇ ಪೆಟ್ರೋಲ್ ಪೂರ್ತಿ ಉರಿದು ಅದನ್ನು ಬಂದ ದಾರಿಗೇ ದಬ್ಬುತ್ತದೆ. ಇಂಜಿನ್ ಉಲ್ಟಾ ತಿರುಗುತ್ತದೆ. ಜೊತೆಗೆ ಹ್ಯಾಂಡಲ್ಲೂ. ಆ ಪೆಟ್ಟಿಗೆ ಎಷ್ಟೋ ಜನರ ಹೆಬ್ಬೆರಳು, ಮುಂಗೈ ಮುರಿದಿವೆ. ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಜನ ಅದಕ್ಕೆ ಮುಗಿಬಿದ್ದದ್ದು ಸುಮ್ನೆ ಅಲ್ಲ.

ಹುಡುಗ ಎಳೆದ. ಮೂರನೇ ಎಳೆತಕ್ಕೆ ಇಂಜಿನ್ ಹತ್ತಿತು. ಇಡೀ ಕಾರು ಗಡಗಡ ನಡುಗುತ್ತಿತ್ತು. ಯಜಮಾನರು ಸರಸರ ಹೋಗಿ ಎಡಗಡೆಯ ಲಿವರನ್ನು ಒಂದೊಂದೇ ಹಲ್ಲಿನಂತೆ ಕೆಳಗೆ ಇಳಿಸಿದರು. ಪೆಟ್ರೋಲ್ ಲಿವರ್ ಮುಟ್ಟಲಿಲ್ಲ. ಆದರೂ ಇಂಜಿನ್ ವೇಗ ಏರಿತು, ನಡುಕ ಹೋಯಿತು, ಸದ್ದು ನಯವಾಯಿತು. ಅಷ್ಟೇ ಪೆಟ್ರೋಲ್, ಅಷ್ಟೇ ಗಾಳಿ. ಬೆಂಕಿ ಹೊತ್ತುವ ಗಳಿಗೆಯೊಂದು ಬದಲಾಯಿತು, ಅದೇ ಪೆಟ್ರೋಲಿನಿಂದ ಜಾಸ್ತಿ ಕೆಲಸ ಸಿಕ್ಕಿತು. ಪಾಠದಲ್ಲಿ ಎಷ್ಟು ಚಿತ್ರ ಬರೆದು ಹೇಳಿದರೂ ಇದು ಇಷ್ಟು ಚೆನ್ನಾಗಿ ಕಿವಿಗೆ ಕೇಳುವುದಿಲ್ಲ.

ಈ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾಯಿತು. ನಮ್ಮ ದೇಶಕ್ಕೆ ಬಂದವು ಹೆಚ್ಚಾಗಿ ಕೆನಡಾದ ಕಾರ್ಖಾನೆಯವು. 2.9 ಲೀಟರಿನ ದೊಡ್ಡ ಇಂಜಿನ್, ಆದರೆ ಶಕ್ತಿ ಬರೀ 20 ಅಶ್ವಶಕ್ತಿ. ಇದನ್ನು ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಓಡಿಸುವುದೆಂದರೆ ಸುಮಾರು 60 ಕಿಲೋಮೀಟರ್. ಇವತ್ತು ಹೈವೇಯಲ್ಲಿ ಒಂದು ಗಂಟೆಯೂ ಬೇಡ. ಮಾಡೆಲ್ ಟಿಗೆ ಅದೊಂದು ದೊಡ್ಡ ಪ್ರಯಾಣ.

ಮೊದಲ ತಾಪತ್ರಯ ಬಿಸಿ. ಇದರಲ್ಲಿ ನೀರಿನ ಪಂಪ್ ಇಲ್ಲ. ಶುರುವಿನ ಕೆಲವು ಕಾರುಗಳಲ್ಲಿ ಇತ್ತು, ಬೇಗನೇ ತೆಗೆದುಬಿಟ್ಟರು. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ, ತಣ್ಣಗಾಗಿ ಕೆಳಗಿಳಿದು ಮತ್ತೆ ಇಂಜಿನ್ನಿಗೆ ಬರುತ್ತದೆ. ನಮ್ಮ ಮನೆ ಮಾಳಿಗೆಯ ಸೋಲಾರ್ ಹೀಟರಿನಲ್ಲಿ ನೀರು ಟ್ಯಾಂಕಿಗೆ ಏರುವುದು ಹೀಗೇ. ಮುಚ್ಚಳದಲ್ಲಿ ಒತ್ತಡ ಹಿಡಿಯುವ ವ್ಯವಸ್ಥೆ ಇಲ್ಲ. ಇವತ್ತಿನ ಕಾರಿನಲ್ಲಿ ಒತ್ತಡದ ಮುಚ್ಚಳದಿಂದಾಗಿ ನೀರು 120 ಡಿಗ್ರಿಯ ಹತ್ತಿರ ಹೋದರೂ ಕುದಿಯುವುದಿಲ್ಲ. ಹಳೇ ಕಾರಿನಲ್ಲಿ ಆ ಅನುಕೂಲ ಇಲ್ಲ. ಅದರ ಮೇಲೆ ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಚಿತ್ರದುರ್ಗ ಇನ್ನೂ 130 ಮೀಟರ್ ಮೇಲೆ. ಏಪ್ರಿಲ್ ಬಿಸಿಲಲ್ಲಿ ರೇಡಿಯೇಟರ್ ಸುತ್ತ ಗಾಳಿಯೇ 40 ಡಿಗ್ರಿ ಇರುವಾಗ, ಹೊಂದಿಸಿಕೊಳ್ಳಲು ಉಳಿಯುವ ಅಂತರ ಬಹಳ ಕಮ್ಮಿ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಅಲ್ಲಿ ಬೀಸುವ ಗಾಳಿ ನೋಡಿಯೇ. ಮಳೆಗಾಲದ ಪಡುವಣ ಗಾಳಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೆನ್ನಿಗೆ ಬೀಸಿ, ಕಾರು 40ರಲ್ಲಿ ಹೋಗುತ್ತಿದ್ದರೆ, ಓಟದಿಂದ ರೇಡಿಯೇಟರಿಗೆ ಸಿಗುವ ಗಾಳಿ ಬರೀ 20ರ ವೇಗದ್ದು. ಉಳಿದದ್ದನ್ನು ಫ್ಯಾನೇ ನೋಡಿಕೊಳ್ಳಬೇಕು. ಇಂಥಲ್ಲಿ ಕಿಡಿಯ ಲಿವರನ್ನು ಮರೆತು ಮೇಲೇ ಬಿಟ್ಟರಂತೂ ಕೆಟ್ಟಿತು. ತಡವಾಗಿ ಹೊತ್ತಿದ ಪೆಟ್ರೋಲ್ ಪಿಸ್ಟನ್ನನ್ನು ತಳ್ಳುವ ಬದಲು ಹೊಗೆ ಹೋಗುವ ದಾರಿಯನ್ನು ಕಾಯಿಸುತ್ತದೆ. ಸ್ವಲ್ಪ ದೂರಕ್ಕೇ ಆವಿ ಏಳುತ್ತದೆ.

ಏರು ಬಂದರೆ ಇನ್ನೊಂದು ಸಮಸ್ಯೆ. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿದೆ. ಪೆಟ್ರೋಲ್ ಅಲ್ಲಿಂದ ಕಾರ್ಬುರೇಟರಿಗೆ, ಅಂದರೆ ಗಾಳಿ-ಪೆಟ್ರೋಲ್ ಬೆರೆಸುವ ಭಾಗಕ್ಕೆ, ತನ್ನ ಭಾರದಿಂದಲೇ ಹರಿದು ಬರಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದು ದುರ್ಗದ ಜೋಗಿಮಟ್ಟಿ ಗುಡ್ಡದಂಥ ಕಡಿದಾದ ದಾರಿ ಹತ್ತಿದರೆ ಕಾರ್ಬುರೇಟರೇ ಟ್ಯಾಂಕಿಗಿಂತ ಮೇಲಾಗುತ್ತದೆ, ಇಂಜಿನ್ ನಿಲ್ಲುತ್ತದೆ. ಆಗಿನವರು ಕಾರು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತುತ್ತಿದ್ದರು.

ಇಳಿಜಾರಿನ ಬಗ್ಗೆ ಹತ್ತಿಯ ಊರಾದ ದಾವಣಗೆರೆಯವರಾದ ನಮಗೆ ಇಷ್ಟವಾಗುವ ಒಂದು ಸಂಗತಿ ಇದೆ. ಮಾಡೆಲ್ ಟಿಯ ಕಾಲಿನ ಬ್ರೇಕ್ ಚಕ್ರದಲ್ಲಿಲ್ಲ, ಗೇರ್ ಬಾಕ್ಸಿನೊಳಗಿದೆ. ತಿರುಗುವ ಡ್ರಮ್ಮನ್ನು ಒಂದು ಪಟ್ಟಿ ಬಿಗಿಹಿಡಿಯುತ್ತದೆ. ಆ ಪಟ್ಟಿಗೆ ಒಳಮೈಯಾಗಿ ಹಾಕುತ್ತಿದ್ದದ್ದು ದಪ್ಪಗೆ ನೇಯ್ದ ಹತ್ತಿ! ಅದು ಇಂಜಿನ್ ಆಯಿಲಿನಲ್ಲೇ ನೆನೆದಿರುತ್ತದೆ, ಹಾಗಾಗಿ ಬೇಗ ಸುಡುವುದಿಲ್ಲ. ಆದರೂ ಉದ್ದದ ಇಳಿಜಾರಿನಲ್ಲಿ ಸವೆಯುತ್ತದೆ. ನಿಲ್ಲಿಸುವುದು ಬರೀ ಹಿಂದಿನ ಎರಡು ಚಕ್ರ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಬೇಕಾದ ಹೊತ್ತಿನಲ್ಲೇ ಕಡಿಮೆಯಾಗುತ್ತದೆ. ವೇಗ 40ರಿಂದ 80ಕ್ಕೆ ಹೋದರೆ ತಡೆಯಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ಹೈವೇಯಲ್ಲಿ ಹಳೇ ಕಾರಿನ ಮುಂದೆ ಖಾಲಿ ಜಾಗ ಕಂಡು ನುಗ್ಗುವವರು ದಯವಿಟ್ಟು ಇದನ್ನು ನೆನಪಿಡಿ. ಕಾರು ನಿಲ್ಲಿಸಲು ಆ ಜಾಗ ಹಳೇ ಕಾರಿನವರಿಗೆ ಬೇಕೇ ಬೇಕು.

ಇಷ್ಟೆಲ್ಲ ಕಷ್ಟವಿದ್ದರೂ ಓಡಿಸುವವರು ಓಡಿಸುತ್ತಲೇ ಇದ್ದಾರೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಝ್ ಇಬ್ಬರು ಗಂಡುಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಗಂಡನ ಮೂರು ಚಕ್ರದ ಕಾರು ಓಡಿಸಿಕೊಂಡು ಹೋದರು. ದಾರಿಯಲ್ಲಿ ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕ್ ಸವೆದಾಗ ಚಮ್ಮಾರರಿಂದ ಚರ್ಮ ಹೊಡೆಸಿದರು. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿ ನವೆಂಬರ್ ನಡೆಯುವ ಓಟಕ್ಕೆ 1905ಕ್ಕಿಂತ ಹಿಂದಿನ ಕಾರುಗಳೇ ಬರಬೇಕು. 1896ರಲ್ಲಿ ಅಲ್ಲಿ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ್ದರ ನೆನಪಿಗೆ ಅದು. ನಮ್ಮಲ್ಲಿ ದೆಹಲಿಯ ಸ್ಟೇಟ್ಸ್‌ಮನ್ ರ‍್ಯಾಲಿ 1964ರಲ್ಲಿ ಶುರುವಾಯಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ವಾಹನಗಳಿಗೆ ಬೇರೆ ನೋಂದಣಿ ತಂದಿತು. ನಂಬರಿನಲ್ಲಿ ವಿಎ ಎಂಬ ಅಕ್ಷರ ಇರುತ್ತದೆ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥ ಕೆಲಸಕ್ಕೆ ಮಾತ್ರ ಅವು ರಸ್ತೆಗೆ ಇಳಿಯಬಹುದು.

ಆ ಪೆಟ್ರೋಲೇ ಈಗ ಹೊಸ ತಲೆನೋವು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬಿನಿಂದಲೂ ಅದು ಬರುತ್ತದೆ, ನಮ್ಮ ಜಿಲ್ಲೆಯ ಹೊಲ ತುಂಬಾ ಬೆಳೆಯುವ ಮೆಕ್ಕೆಜೋಳದಿಂದಲೂ ಬರುತ್ತದೆ. ರೈತರಿಗೆ ಇದರಿಂದ ಅನುಕೂಲ, ಅದಕ್ಕೆ ನನ್ನ ತಕರಾರಿಲ್ಲ. ಇಂಜಿನ್ನಿಗೂ ಅಂಥ ತೊಂದರೆ ಇಲ್ಲ. ಮಾಡೆಲ್ ಟಿ ಗಾಳಿ-ಪೆಟ್ರೋಲನ್ನು ಒತ್ತುವುದು ನಾಲ್ಕು ಪಟ್ಟಿನ ಆಸುಪಾಸಿನಲ್ಲಿ ಮಾತ್ರ, ಎಂಥ ಇಂಧನವನ್ನೂ ಉರಿಸಿಕೊಳ್ಳುತ್ತದೆ. ಎಥೆನಾಲಿಗೆ ಕಡಿಮೆ ಗಾಳಿ ಸಾಕು, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಡ್ರೈವರ್ ಕೂತಲ್ಲಿಂದಲೇ ಕಾರ್ಬುರೇಟರಿನ ಸೂಜಿಯನ್ನು ಸ್ವಲ್ಪ ತಿರುಗಿಸಿ ಅದನ್ನು ಸರಿಮಾಡಬಹುದು.

ತೊಂದರೆ ಇರುವುದು ಕಾರ್ಬುರೇಟರಿನ ಫ್ಲೋಟಿನಲ್ಲಿ. ಪೆಟ್ರೋಲ್ ತುಂಬಿದಂತೆ ತೇಲಿ ಮೇಲೆದ್ದು, ಅದು ಬರುವ ದಾರಿ ಮುಚ್ಚುವ ತುಂಡೇ ಫ್ಲೋಟ್. ಹಳೇ ಫ್ಲೋಟ್ ಮಾಡುತ್ತಿದ್ದದ್ದು ಬೆಂಡಿನಿಂದ, ಅಂದರೆ ಬಾಟಲಿ ಮುಚ್ಚಳಕ್ಕೆ ಬಳಸುವ ಕಾರ್ಕಿನಿಂದ. ಪೆಟ್ರೋಲ್ ಹೀರದಿರಲಿ ಎಂದು ಮೇಲೆ ಅರಗಿನ ಲೇಪ ಕೊಡುತ್ತಿದ್ದರು. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ. ಆದರೆ ಸ್ಪಿರಿಟಿಗೆ ಕರಗುತ್ತದೆ. ಬಡಗಿಗಳು ಫ್ರೆಂಚ್ ಪಾಲಿಶ್ ಮಾಡುವುದು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿಯೇ ಅಲ್ವಾ? ಎಥೆನಾಲ್ ಎಂದರೆ ಅದೇ ಸ್ಪಿರಿಟ್. ಲೇಪ ಮೆಲ್ಲಗೆ ಕರಗಿ ಅಂಟಾಗಿ ಸಣ್ಣ ತೂತುಗಳಿಗೆ ಸೇರಿಕೊಳ್ಳುತ್ತದೆ. ಬೆಂಡು ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತದೆ. ಮುಳುಗಿದ ಮೇಲೆ ಪೆಟ್ರೋಲ್ ಬರುವ ದಾರಿ ಮುಚ್ಚುವುದೇ ಇಲ್ಲ, ಪೆಟ್ರೋಲ್ ಹೊರಗೆ ತೊಟ್ಟಿಕ್ಕುತ್ತದೆ. ಕಾದ ಇಂಜಿನ್ನಿನ ಪಕ್ಕದಲ್ಲಿ ಅದು ಜೀವಕ್ಕೇ ಅಪಾಯ.

ನಿಮ್ಮ ಮನೆಯಲ್ಲಿ ಇಷ್ಟು ಹಳೆಯ ಕಾರಿದ್ದರೆ ಪೆಟ್ರೋಲ್ ಹಾಕಿಸುವ ಮೊದಲು ಕಾರ್ಬುರೇಟರ್ ಬಿಚ್ಚಿಸಿ ನೋಡಿ. ಬೆಂಡಿನ ಫ್ಲೋಟ್ ಇದ್ದರೆ ತೆಗೆದು ಹಿತ್ತಾಳೆಯದನ್ನು ಹಾಕಿಸಿ, ಹಳೆಯದನ್ನು ಎತ್ತಿಡಿ. ತಿಂಗಳಿಗೊಮ್ಮೆಯಾದರೂ ಇಂಜಿನ್ ಹೊಡೆದು ಪೆಟ್ರೋಲ್ ಖರ್ಚು ಮಾಡಿ. ಆಗುವುದಿಲ್ಲವೆಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಡಿ. ನಿಂತ ಟ್ಯಾಂಕಿನಲ್ಲಿ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ನೂರು ವರ್ಷ ತಡೆದ ತಗಡಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಸುತ್ತದೆ.