ಇನ್ನೊಂದೇ ಒಂದು ತುತ್ತು

ತುತ್ತು ಬಾಯಲ್ಲೇ ಇದೆ. ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ನನ್ನ ತಂಗಿಯ ಎರಡೂವರೆ ವರ್ಷದ ಮಗ ಹೀಗೆ ಒಂದು ಕೆನ್ನೆ ಉಬ್ಬಿಸಿಕೊಂಡು ಆರಾಮಾಗಿ ಹತ್ತು ನಿಮಿಷ ಕೂರುತ್ತಾನೆ. ಎದುರಿಗೆ ನಮ್ಮಮ್ಮ, ಕೈಯಲ್ಲಿ ತಣ್ಣಗಾದ ಬೇಳೆ ಅನ್ನದ ಬಟ್ಟಲು. ಕಾಗೆಗೊಂದು ತುತ್ತು, ಅಜ್ಜಿಗೊಂದು ತುತ್ತು, ತಿನ್ನದಿದ್ದರೆ ಗುಮ್ಮ ಬರ್ತಾನೆ ನೋಡು. ಕೊನೆಗೆ ಮೊಬೈಲ್ ಹೊರಗೆ ಬರುತ್ತದೆ. ಎಲ್ಲ ಮುಗಿದ ಮೇಲೆ ಅದೇ ಮಾತು: "ಹೋದ ವರ್ಷ ಎಷ್ಟು ಚೆನ್ನಾಗಿ ತಿಂತಿದ್ದ, ಈಗ ನೋಡು ಹೇಗೆ ಸೊರಗಿದಾನೆ!"

ಸೊರಗಿಲ್ಲ. ಲೆಕ್ಕ ನೋಡಿ. ಹುಟ್ಟಿದಾಗ 3 ಕೆಜಿ ಇದ್ದ ಮಗು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು 9 ಕೆಜಿ ಆಗುತ್ತದೆ. ಎರಡನೇ ವರ್ಷ ಏರುವುದು ಎರಡೂವರೆ ಕೆಜಿ ಆಸುಪಾಸು, ಆಮೇಲೆ ವರ್ಷಕ್ಕೆ ಎರಡು ಕೆಜಿ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ನಮ್ಮ ಗಾಬರಿ ಶುರುವಾಗುವುದೂ ಸರಿಯಾಗಿ ಆಗಲೇ.

ಮಕ್ಕಳ ಊಟದ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಅಮೆರಿಕದ ಲೀಆನ್ ಬರ್ಚ್ ಮತ್ತು ಜೊತೆಗಾರರು 1991ರಲ್ಲಿ 2ರಿಂದ 5 ವರ್ಷದ 15 ಮಕ್ಕಳು ದಿನವಿಡೀ ತಿಂದದ್ದನ್ನು ಅಳೆದರು. ಒಂದೊಂದು ಹೊತ್ತಿನ ಊಟ ವಿಪರೀತ ಏರುಪೇರು, ಏರಿಳಿತ ಶೇಕಡ 34ರಷ್ಟು. ಆದರೆ ಇಡೀ ದಿನದ ಮೊತ್ತ ತೆಗೆದರೆ ಏರಿಳಿತ ಶೇಕಡ 10ರ ಹತ್ತಿರ. ಮಧ್ಯಾಹ್ನ ಬಿಟ್ಟದ್ದನ್ನು ರಾತ್ರಿ ಸರಿದೂಗಿಸುತ್ತಾರೆ. ನಾವು ನೋಡುವುದು ಮಧ್ಯಾಹ್ನದ ಬಟ್ಟಲನ್ನು ಮಾತ್ರ, ಅಲ್ವಾ?

ಒತ್ತಾಯ ಮಾಡಿದರೆ ಏನಾಗುತ್ತದೆ? 2006ರ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳಿಗೆ ಎರಡು ಥರ ಸೂಪು, ಒಂದು ಜೋಳದ್ದು, ಒಂದು ಕುಂಬಳದ್ದು. ಒಂದನ್ನು ಕೊಡುವಾಗ "ಸೂಪು ಮುಗಿಸಪ್ಪಾ" ಅಂತ ಮತ್ತೆ ಮತ್ತೆ ಹೇಳುವುದು, ಇನ್ನೊಂದನ್ನು ಕೊಟ್ಟು ಸುಮ್ನೆ ಕೂರುವುದು. ಏನೂ ಹೇಳದೆ ಕೊಟ್ಟ ಸೂಪನ್ನೇ ಮಕ್ಕಳು ಜಾಸ್ತಿ ಕುಡಿದರು, ಗೊಣಗಾಟವೂ ಎಷ್ಟೋ ಕಡಿಮೆ. ಮನೆಯಲ್ಲಿ ಒತ್ತಾಯ ಉಂಡು ಉಂಡು ಅಭ್ಯಾಸವಾಗಿದ್ದ ಮಕ್ಕಳ ಮೇಲೆ ಮಾತ್ರ ಈ ಪ್ರಯೋಗದ ಒತ್ತಾಯ ಅಷ್ಟಾಗಿ ನಾಟಲಿಲ್ಲ. ಪಾಪ, ಕಿವಿ ಕೇಳಿಸದವರ ಹಾಗೆ ಇರೋದನ್ನ ಕಲಿತುಬಿಟ್ಟಿದ್ದರೋ ಏನೋ.

ಅದೇ ಮಕ್ಕಳು ತೂಕದಲ್ಲೂ ಕಡಿಮೆ ಇದ್ದರು. ಇಲ್ಲೇ ನಾವು ಎಡವುವುದು. ಒತ್ತಾಯದಿಂದ ಮಗು ಸಣ್ಣಗಾಯಿತೋ, ಮಗು ಸಣ್ಣಗಿದೆ ಅಂತ ಒತ್ತಾಯ ಹುಟ್ಟಿತೋ? ಎರಡನೆಯದರ ಪಾಲು ದೊಡ್ಡದು ಅನ್ನಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅವಳಿ ಮಕ್ಕಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಪ್ಪಗಾಗುವ ಒಲವು ಜೀನ್‌ನಲ್ಲೇ ಜಾಸ್ತಿ ಇದ್ದ ಮಕ್ಕಳಿಗೆ ಅಪ್ಪ ಅಮ್ಮ "ಸಾಕು, ಸಾಕು" ಅನ್ನುತ್ತಿದ್ದರು, ಕಡಿಮೆ ಇದ್ದವರಿಗೆ "ತಿನ್ನು, ತಿನ್ನು". ಒಂದೇ ಮನೆ, ಒಂದೇ ಅಡುಗೆಮನೆ, ಒಟ್ಟಿಗೆ ಹುಟ್ಟಿದ ಇಬ್ಬರ ನಡುವೆಯೂ ಈ ಫರಕು ಕಾಣಿಸಿತು. ಅಂದರೆ ಮಗುವಿನ ತೂಕಕ್ಕೆಲ್ಲ ತಾಯಿಯನ್ನೇ ಹೊಣೆ ಮಾಡುವ ನೆಂಟರಿಷ್ಟರು ಸ್ವಲ್ಪ ಬಾಯಿ ಮುಚ್ಚಿಕೊಂಡರೆ ಒಳ್ಳೆಯದು.

ತಿನ್ನದಂತೆ ತಡೆಯುವುದೂ ಸುಲಭವಲ್ಲ. 1999ರಲ್ಲಿ ಬರ್ಚ್ ಮತ್ತು ಜೆನಿಫರ್ ಫಿಶರ್ ಮಕ್ಕಳ ಕಣ್ಣೆದುರೇ ತಿಂಡಿ ಇಟ್ಟು, ಸ್ವಲ್ಪ ಹೊತ್ತು ಬಿಟ್ಟರೆ ಉಳಿದಂತೆ ಮುಟ್ಟಬೇಡಿ ಅಂದರು. ಮಕ್ಕಳಿಗೆ ಅದರದ್ದೇ ಧ್ಯಾನ. ಡಬ್ಬಿ ಮೇಲಿನ ಅಟ್ಟದಲ್ಲಿದೆ ಅಂತ ಗೊತ್ತಿರುವ ಚಕ್ಕುಲಿ ಕಥೆಯೂ ಅಷ್ಟೇ. ಮನೆಗೆ ತರದೇ ಇದ್ದರೆ ಜಗಳವೇ ಇರುವುದಿಲ್ಲ.

ಹಾಗಂತ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಅಂತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಜಾಸ್ತಿ ಜನ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಎರಡು ವರ್ಷದೊಳಗಿನ ಕೂಸಿಗೆ ಎದುರು ಕೂತು, ಮಾತಾಡಿಸುತ್ತಾ, ತಾಳ್ಮೆಯಿಂದ ತಿನ್ನಿಸಲೇಬೇಕು. ಮುಖ ತಿರುಗಿಸಿದರೆ, ತುಟಿ ಬಿಗಿದರೆ ನಿಲ್ಲಿಸಬೇಕು, ಅಷ್ಟೇ. ತೂಕ ಏರುವುದೇ ನಿಂತರೆ ಡಾಕ್ಟರಿಗೆ ತೋರಿಸಬೇಕು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮಗುವಿನ ತೂಕ ಗುರುತು ಹಾಕುವ "ತಾಯಿ ಕಾರ್ಡ್" ತೆಗೆದು, ಮೊಮ್ಮಗನ ತೂಕದ ಚುಕ್ಕಿ ಸರಿಯಾದ ತೂಕದ ಹಸಿರು ಪಟ್ಟಿಯಲ್ಲೇ ಇದೆ ಅಂತ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಅದು ನಾನು ತಿನ್ನಿಸಿದ್ದಕ್ಕೆ" ಅಂದರು.