ಪದ ಪರಿಚಯ: ಬಾಟಲ್‌ನೆಕ್

'ಬಾಟಲ್‌ನೆಕ್' ಎಂದರೆ ಸೀಸೆಯ ಕತ್ತು. ಸೀಸೆಯ ಹೊಟ್ಟೆ ಎಷ್ಟೇ ಅಗಲವಾಗಿರಲಿ, ಬಗ್ಗಿಸಿದಾಗ ನೀರು ಎಷ್ಟು ರಭಸದಿಂದ ಸುರಿಯಬೇಕೆಂಬುದನ್ನು ಗೊತ್ತುಮಾಡುವುದು ಕತ್ತು. ನೆಟ್‌ವರ್ಕ್‌ನ ಪರಿಭಾಷೆಯಲ್ಲಿ, ದತ್ತಾಂಶ ಸಾಗುವ ದಾರಿಯುದ್ದಕ್ಕೂ ಇರುವ ಘಟ್ಟಗಳ ಪೈಕಿ ಎಲ್ಲಕ್ಕಿಂತ ಕಡಿಮೆ ಸಾಮರ್ಥ್ಯದ ಘಟ್ಟಕ್ಕೆ ಈ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ಇದನ್ನು 'ಇಕ್ಕಟ್ಟು' ಎನ್ನಬಹುದು. ಮನೆಯ ನೆಟ್‌ವರ್ಕನ್ನು ಮೇಲ್ದರ್ಜೆಗೆ ಏರಿಸಬೇಕೇ ಬೇಡವೇ ಎಂದು ಯೋಚಿಸುವವರು ಮೊದಲು ಈ ಪದವನ್ನು ಅರ್ಥಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಕ್ಕಟ್ಟಿಲ್ಲದ ಜಾಗವನ್ನು ಎಷ್ಟು ಅಗಲ ಮಾಡಿದರೂ ವೇಗ ಎಳ್ಳಷ್ಟೂ ಹೆಚ್ಚುವುದಿಲ್ಲ.

ಲೆಕ್ಕಕ್ಕೆ ಇಳಿಯುವ ಮುನ್ನ ಅಳತೆಯ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ರೌಟರ್‌ನ ಪೆಟ್ಟಿಗೆಯ ಮೇಲೆ ವೇಗವನ್ನು ಬಿಟ್‌ಗಳಲ್ಲಿ ಬರೆದಿರುತ್ತಾರೆ. ಫೈಲು ನಕಲಾಗುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸುವುದು ಬೈಟ್‌ಗಳಲ್ಲಿ. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಒಂದು ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಬಹುದು, ಪ್ರತಿ ಪ್ಯಾಕೆಟ್ (ದತ್ತಾಂಶವನ್ನು ಕಳಿಸಲು ಮಾಡಿದ ಪುಟ್ಟ ತುಂಡು) ಹೊತ್ತೊಯ್ಯುವ ವಿಳಾಸ ಮುಂತಾದ ಹೆಚ್ಚುವರಿ ಮಾಹಿತಿಯನ್ನು ಕಳೆದರೆ ಸುಮಾರು 110 ಉಳಿಯುತ್ತದೆ. ಈ 110 ಎಂಬ ಅಂಕಿಯನ್ನು ಕಂಡು ರೌಟರ್ ಕೆಟ್ಟಿದೆ ಎಂದು ಭಾವಿಸುವವರಿದ್ದಾರೆ. ಅದು ಕೆಟ್ಟಿಲ್ಲ, ತನ್ನ ಪೂರ್ತಿ ವೇಗದಲ್ಲೇ ಓಡುತ್ತಿದೆ.

ಈಗ ಒಂದು ಉದಾಹರಣೆಯನ್ನು ನೋಡೋಣ. ಮನೆಯ ಫೋಟೊ, ವಿಡಿಯೊಗಳ 50 ಗಿಗಾಬೈಟ್ ಸಂಗ್ರಹವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಬೇಕಾಗಿದೆ. ಗಿಗಾಬಿಟ್ ಕೇಬಲ್ ಸಂಪರ್ಕದಲ್ಲಿ ಇದಕ್ಕೆ ಏಳೂವರೆ ನಿಮಿಷ ಹಿಡಿಯುತ್ತದೆ. 2.5 ಗಿಗಾಬಿಟ್‌ನ ಸ್ವಿಚ್ (ಕೇಬಲ್‌ಗಳನ್ನು ಒಂದೆಡೆ ಕೂಡಿಸುವ ಪೆಟ್ಟಿಗೆ) ಮತ್ತು ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಕಾರ್ಡುಗಳನ್ನು ಹಾಕಿದರೆ ಸುಮಾರು ಮೂರು ನಿಮಿಷಕ್ಕೆ ಮುಗಿಯಬೇಕು. ಆದರೆ ಫೈಲನ್ನು ಬರೆದುಕೊಳ್ಳುವ ಕಡೆ ಇರುವುದು ಸೆಕೆಂಡಿಗೆ 160 ಮೆಗಾಬೈಟ್ ಬರೆಯಬಲ್ಲ ಹಾರ್ಡ್ ಡಿಸ್ಕ್ ಆಗಿದ್ದರೆ ಐದು ನಿಮಿಷಕ್ಕಿಂತ ಬೇಗ ಕೆಲಸ ಮುಗಿಯುವುದೇ ಇಲ್ಲ. ಅಲ್ಲಿಗೆ ಇಕ್ಕಟ್ಟು ನೆಟ್‌ವರ್ಕನ್ನು ಬಿಟ್ಟು ಡಿಸ್ಕಿಗೆ ಬಂದು ಕೂತಿತು. ಇನ್ನೂ ಮುಂದೆ ಹೋಗಿ 10 ಗಿಗಾಬಿಟ್‌ನ ಸಾಧನಗಳನ್ನು ತಂದರೂ ಅದೇ ಐದು ನಿಮಿಷ.

ಕೇಬಲ್‌ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಾಮ್ರದ ತಂತಿಗೆ ಅದು ಮಾಡದ ತಪ್ಪನ್ನೂ ಹೊರಿಸುತ್ತಾರೆ, ಮಾಡಿದ ತಪ್ಪನ್ನು ಗಮನಿಸುವುದೂ ಇಲ್ಲ. 2016ರಲ್ಲಿ ಬಂದ 2.5 ಗಿಗಾಬಿಟ್‌ನ ಮಾನದಂಡವನ್ನು ರೂಪಿಸಿದ್ದೇ ಹಳೆಯ ಕ್ಯಾಟ್-5ಇ ದರ್ಜೆಯ ನೆಟ್‌ವರ್ಕ್ ತಂತಿಯನ್ನು ಗೋಡೆಯಿಂದ ಕೀಳದೆ ವೇಗ ಹೆಚ್ಚಿಸಲೆಂದು. ಹಾಗಾಗಿ ಹಳೆಯದೆಂಬ ಒಂದೇ ಕಾರಣಕ್ಕೆ ತಂತಿಯನ್ನು ಬದಲಿಸಬೇಕಿಲ್ಲ. ಇನ್ನೊಂದೆಡೆ, 100 ಮೆಗಾಬಿಟ್ ಸಂಪರ್ಕಕ್ಕೆ ನಾಲ್ಕು ಜೋಡಿ ತಂತಿಗಳಲ್ಲಿ ಎರಡೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕೇಬಲ್‌ನ ತುದಿಯ ಕನೆಕ್ಟರ್‌ನ ಪಾರದರ್ಶಕ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವೊಮ್ಮೆ ಕಂದು ಬಣ್ಣದ ಎಳೆಯೊಂದು ಉಳಿದ ಏಳಕ್ಕಿಂತ ತುಸು ಹಿಂದೆಯೇ ನಿಂತು, ಲೋಹದ ಹಲ್ಲಿಗೆ ತಾಗದೆ ಇರುವುದು ಕಾಣುತ್ತದೆ. ಸಂಪರ್ಕವೇನೂ ಕಡಿಯುವುದಿಲ್ಲ, ಅನೇಕ ಸಾಧನಗಳು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದುಬಿಡುತ್ತವೆ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕದ ವೇಗ 1000ದ ಬದಲು 100 ಎಂದಿದ್ದರೆ ಬೇಕಾಗಿರುವುದು ಬಹುಶಃ ಹೊಸ ರೌಟರ್ ಅಲ್ಲ, ಹೊಸ ಕನೆಕ್ಟರ್.

ವೈಫೈನ ಇಕ್ಕಟ್ಟು ಬೇರೆ ಬಗೆಯದು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ರೌಟರ್‌ನ ಎಲ್ಲ ಬ್ಯಾಂಡ್‌ಗಳ (ರೇಡಿಯೊ ತರಂಗಾಂತರ ಪಟ್ಟಿಗಳ) ಗರಿಷ್ಠ ವೇಗಗಳ ಮೊತ್ತವಾಗಿರುತ್ತದೆ, ಹೆಚ್ಚಿನ ಸಾಧನಗಳಿಗೆ ಒಂದು ಹೊತ್ತಿನಲ್ಲಿ ಸಿಗುವುದು ಒಂದೇ ಬ್ಯಾಂಡ್. ಬ್ಯಾಂಡ್‌ನ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ಭಾಗದಲ್ಲಿರುವ ಸಾಧನಗಳು ಮಾತನಾಡಲು ಸರದಿ ಕಾಯುವುದರಿಂದ, ದೂರದ ಕೋಣೆಯಲ್ಲಿರುವ ನಿಧಾನದ ಫೋನೊಂದು ಉಳಿದವರ ಸಮಯವನ್ನೂ ತಿನ್ನುತ್ತದೆ. ಇಕ್ಕಟ್ಟು ವೈಫೈನಲ್ಲಿದೆಯೋ ಹೊರಗಿನಿಂದ ಬರುವ ಸಂಪರ್ಕದಲ್ಲಿದೆಯೋ ಎಂದು ತಿಳಿಯಲು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೌಟರಿಗೆ ಜೋಡಿಸಿ ಒಮ್ಮೆ, ಎಂದಿನ ಜಾಗದಲ್ಲಿ ವೈಫೈ ಮೂಲಕ ಇನ್ನೊಮ್ಮೆ ವೇಗವನ್ನು ಅಳೆದರೆ ಸಾಕು. ಮನೆಯೊಳಗಿನ ಎರಡು ಕಂಪ್ಯೂಟರುಗಳ ನಡುವಿನ ವೇಗವನ್ನಷ್ಟೇ ಅಳೆಯಲು 'ಐಪರ್ಫ್' ಎಂಬ ಉಚಿತ ತಂತ್ರಾಂಶವಿದೆ. ಅದು ಡಿಸ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಾರಿಯನ್ನು ಮಾತ್ರ ಪರೀಕ್ಷಿಸುತ್ತದೆ.

ಕೆಲವು ತೊಂದರೆಗಳು ಇಕ್ಕಟ್ಟಿನಂತೆ ಕಂಡರೂ ಅಗಲಕ್ಕೆ ಸಂಬಂಧಿಸಿದವಲ್ಲ. 4ಕೆ ಗುಣಮಟ್ಟದ ಚಲನಚಿತ್ರಕ್ಕೆ 25 ಮೆಗಾಬಿಟ್ ಸಾಕಾಗುತ್ತದೆ, ವಿಡಿಯೊ ಕರೆಗೆ ಅದಕ್ಕಿಂತಲೂ ಬಹಳ ಕಡಿಮೆ. ಆದರೂ ಕರೆಯ ನಡುವೆ ಮಾತು ತಡವರಿಸುತ್ತಿದ್ದರೆ, ಅದೇ ಹೊತ್ತಿನಲ್ಲಿ ಮನೆಯ ಯಾವುದಾದರೂ ಫೋನು ತನ್ನ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದೆಯೇ ಎಂದು ನೋಡಬೇಕು. ಏರಿಸುವ ವೇಗ ಕಡಿಮೆ ಇರುವ ಸಂಪರ್ಕದಲ್ಲಿ ಆ ಫೋಟೊಗಳು ಉದ್ದನೆಯ ಸಾಲು ಕಟ್ಟುತ್ತವೆ, ಮಾತಿನ ಪುಟ್ಟ ಪ್ಯಾಕೆಟ್‌ಗಳು ಅವುಗಳ ಹಿಂದೆ ಕಾಯುತ್ತವೆ. ಇಳಿಸುವ ವೇಗವನ್ನು ಇಮ್ಮಡಿಗೊಳಿಸಿದರೂ ಈ ಸಾಲು ಕರಗುವುದಿಲ್ಲ. ರೌಟರ್‌ನಲ್ಲಿ ಸಾಲನ್ನು ನಿಭಾಯಿಸುವ ಸೌಲಭ್ಯವಿದ್ದು, ಏರಿಸುವ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕಡಿಮೆಗೆ ಇಟ್ಟರೆ ಕರಗುತ್ತದೆ.