ಸ್ವಾತಂತ್ರ್ಯ ಕೊಟ್ಟವರು ಯಾರು ಸ್ವಾಮಿ?

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಅಲ್ಲಿನ ಕಾವಲು ಗೋಪುರವನ್ನು ನೋಡಿರುತ್ತೀರಿ. ಅದು ಹಳೇ ಸೆಂಟ್ರಲ್ ಜೈಲು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಸಭೆಗೆಂದು ಊರಿಗೆ ಬಂದಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮರುದಿನವೇ ಇದೇ ಜೈಲು ಸೇರಿದರು. ನಟಿ ಸ್ನೇಹಲತಾ ರೆಡ್ಡಿ ಇದ್ದದ್ದೂ ಇಲ್ಲೇ. ಆಸ್ತಮಾ ರೋಗಿ ಆಕೆ, ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು.

ಒಳಗಿದ್ದವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂದರೆ ಇಷ್ಟೇ: ಈ ಮನುಷ್ಯನನ್ನು ಯಾಕೆ ಹಿಡಿದಿಟ್ಟಿದ್ದೀರಿ, ಕೋರ್ಟಿಗೆ ಹೇಳಿ. ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿ ಕೇಳಬಹುದು ಎಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಅದೇ ಎಡಿಎಂ (ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್) ಜಬಲ್ಪುರ್ ಕೇಸು.

ಸರ್ಕಾರದ ಲೆಕ್ಕ ಸರಳವಾಗಿತ್ತು. ಜೀವ, ಸ್ವಾತಂತ್ರ್ಯದ ಹಕ್ಕು ಇರುವುದು ಸಂವಿಧಾನದ 21ನೇ ವಿಧಿಯಲ್ಲಿ. ಅದಕ್ಕಾಗಿ ಕೋರ್ಟಿನ ಬಾಗಿಲು ತಟ್ಟುವುದನ್ನೇ ರಾಷ್ಟ್ರಪತಿಯ ಆದೇಶ ತಡೆದಿದೆ. ಹಾಗಾಗಿ ಕೇಳಲು ಏನೂ ಉಳಿದಿಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಎಸೆದರು. 21ನೇ ವಿಧಿಯಲ್ಲಿ ಜೀವವೂ ಇದೆಯಲ್ಲ, ಒಬ್ಬ ಪೊಲೀಸ್ ಸ್ವಂತ ದ್ವೇಷಕ್ಕೆ ಯಾರನ್ನೋ ಕೊಂದರೂ ಕೋರ್ಟು ಸುಮ್ನೆ ಕೂರಬೇಕಾ? ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು: ನನ್ನ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ. ಅಷ್ಟು ಕೇಳಿಯೂ 1976ರ ಏಪ್ರಿಲ್ 28ರಂದು ಪೀಠದ ಐವರಲ್ಲಿ ನಾಲ್ವರು ಸರ್ಕಾರದ ಕಡೆ ತೀರ್ಪು ಬರೆದರು.

ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ, ಸ್ವಾತಂತ್ರ್ಯಕ್ಕೆ 21ನೇ ವಿಧಿಯೊಂದೇ ಆಸರೆಯಲ್ಲ, ಆ ಸಾಲು ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರದ್ದನ್ನೂ ಸರ್ಕಾರ ಕಿತ್ತುಕೊಳ್ಳುವಂತಿಲ್ಲ ಎಂದು ಬರೆದರು. ಕೊಟ್ಟಿದ್ದರೆ ತಾನೇ ವಾಪಸ್ ಪಡೆಯುವುದು? ಇಡೀ ಜಗಳ ಇದ್ದದ್ದೇ ಈ ‘ಕೊಡುವ’ ಮಾತಿನ ಮೇಲೆ. ಮರುವರ್ಷ ಜನವರಿಯಲ್ಲಿ ಆ ನಾಲ್ವರಲ್ಲಿ ಒಬ್ಬರಾದ, ಖನ್ನಾಗಿಂತ ಕಿರಿಯರಾದ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

1978ರ ಸಂವಿಧಾನದ 44ನೇ ತಿದ್ದುಪಡಿ ಸರ್ಕಾರದ ಆ ದಾರಿಗೆ ಬೀಗ ಹಾಕಿತು. ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಮುಟ್ಟುವಂತಿಲ್ಲ. ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಅದನ್ನು ಅಳಿಸುವ ದಾರಿ ತೆರೆದವರು ಒಬ್ಬ ಕನ್ನಡಿಗ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಜನರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು, ಜಬಲ್ಪುರ್ ತೀರ್ಪನ್ನೂ ತಳ್ಳಿಹಾಕಿತು. ಜೀವ, ಸ್ವಾತಂತ್ರ್ಯವನ್ನು ಸಂವಿಧಾನ ಹುಟ್ಟಿಸಿಲ್ಲ, ಮನುಷ್ಯನಲ್ಲಿ ಮೊದಲೇ ಇದ್ದದ್ದನ್ನು ಗುರುತಿಸಿದೆ ಎಂದು ಬರೆದವರು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರು ಅವರ ಅಪ್ಪ! ಮನೆಯಲ್ಲಿ ಏನು ಮಾತಾಡಿಕೊಂಡಿದ್ದರೋ.

ಇನ್ನು ಫ್ರೀಡಂ ಪಾರ್ಕು. 2021ರ ಪೊಲೀಸ್ ಆದೇಶದಂತೆ ಬೆಂಗಳೂರಿನಲ್ಲಿ ಧರಣಿಗೆ ಇರುವ ಜಾಗ ಇದೊಂದೇ. ಟ್ರಾಫಿಕ್ ಕಷ್ಟ ನಿಜ, ಇಲ್ಲ ಅನ್ನಲ್ಲ. ಆದರೆ ಹಳೇ ಜೈಲಿನ ಗೋಡೆ ಪಕ್ಕ ಘೋಷಣೆ ಕೂಗಬೇಕೆಂದರೂ ಮೊದಲು ಅರ್ಜಿ ಬರೆಯಬೇಕು. ‘ಅನುಮತಿ ಕೊಡಬೇಕಾಗಿ ವಿನಂತಿ’ ಎಂದು.